ಹಕ್ಕಿಗಳ ಬಾಯಿ ಕಟ್ಟಿದ ರಾಣಿ

ಕಾಜದಕ್ಕ ದಾರವನ್ನು ಹಲ್ಲಿನಿಂದ ಕಡಿದು, ಸತ್ತವಳ ಕೊರಳ ಬಳಿ ಅಂಗಿಯನ್ನು ಸರಿಮಾಡಿದಳು. ಮೇಲಿನ ಗುಂಡಿ ಎಂದೋ ಬಿದ್ದುಹೋಗಿತ್ತು. ಅಲ್ಲಿಗೊಂದು ಪಿನ್ನು ಚುಚ್ಚಿಕೊಂಡು ವರ್ಷಗಟ್ಟಲೆ ಓಡಾಡಿದವಳು ಈಗ, ನಿಮಗೆಲ್ಲ ತೊಂದರೆ ಕೊಟ್ಟೆನಲ್ಲ ಎನ್ನುವಂಥ ಮುಖ ಮಾಡಿಕೊಂಡು ಮಲಗಿದ್ದಳು.

“ಜನ್ಮವೆಲ್ಲ ಹೊಲಿಗೆ ಕೋಣೇಲಿ ಕಳೆದಳು. ಒಂದು ಗುಂಡಿ ನೆಟ್ಟಗೆ ಹಾಕೋಕೆ ಬರಲಿಲ್ಲ ನಮ್ಮ ಕತೆಯಕ್ಕನಿಗೆ” ಎಂದಳು ಕಾಜದಕ್ಕ.

ಸತ್ತವಳ ಮಗಳು ಸುತ್ತ ಒಮ್ಮೆ ನೋಡಿ, ಪರವಾಗಿಲ್ಲ ಅನ್ನಿಸಿ ನಕ್ಕಳು. ನಕ್ಕ ಮೇಲೆ ಅಳು ಬಂತು.

ಮಹಡಿ ಮೇಲಿನ ಆ ಸಣ್ಣ ಮನೆಯಲ್ಲಿ ನಿಲ್ಲಲು ಜಾಗವಿರಲಿಲ್ಲ. ಹೊಲಿಗೆ ಕೋಣೆಯ ಹೆಂಗಸರು ಗೋಡೆಗೆ ಒತ್ತಿಕೊಂಡು ನಿಂತಿದ್ದರು. ಕಟಿಂಗ್ ಮಾಸ್ತರರು ಕಿಟಕಿಯ ಬಳಿ ಕಣ್ಣು ಮುಚ್ಚಿ ಏನನ್ನೋ ಜಪಿಸುತ್ತಿದ್ದರು. ನಿದ್ದೆಯಲ್ಲೇ ಹೃದಯ ನಿಂತಿದೆ ಎಂದು ವೈದ್ಯರು ಹೇಳಿಹೋಗಿದ್ದರು. ಕಾಜದಕ್ಕ ಅದನ್ನು ಒಪ್ಪಿರಲಿಲ್ಲ. ಹೃದಯ ನಿಂತಿದ್ದಲ್ಲ, ಮಾತು ನಿಂತಿದ್ದು ಎನ್ನುವುದು ಅವಳ ವಾದ.

ಬಂದವರು ಸತ್ತವಳ ಒಳ್ಳೆಯತನದ ಬಗ್ಗೆ ನಾಲ್ಕು ಮಾತಾಡಿ, ಐದನೆಯದಕ್ಕೆ ರಾಣಿಯ ವಿಷಯಕ್ಕೆ ಬರುತ್ತಿದ್ದರು. ಕತೆಯಕ್ಕ ಅರ್ಧಕ್ಕೆ ಬಿಟ್ಟುಹೋದ ಕತೆಯ ರಾಣಿ. ಮುಂದೆ ಅವಳು ಏನಾಗುತ್ತಿದ್ದಳು? ಮಾಸ್ತರರು ಜಪ ನಿಲ್ಲಿಸಿ, ದೇವರು ದೊಡ್ಡವನು, ಹುಡುಗಿ ಖಂಡಿತ ಒಳ್ಳೆಯವಳಾಗುತ್ತಿದ್ದಳು ಎಂದರು. ಕಾಜದಕ್ಕ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡಳು.

“ನಿಮಗೆ ಎಲ್ಲರೂ ಒಳ್ಳೆಯವರೇ ಮಾಸ್ತರೇ. ಕುರ್ಚಿ ಸಿಕ್ಕಿದ ಮೇಲೆ ಯಾರು ನೆಟ್ಟಗಿರ್ತಾರೆ? ಅವಳು ರಾಕ್ಷಸಿನೇ ಆಗ್ತಿದ್ದಳು. ಬರೆದಿಟ್ಕೊಳ್ಳಿ.”

“ಯಾವ ರಾಣಿ?” ಎಂದಿತು ಬಾಗಿಲಲ್ಲಿ ಒಂದು ದನಿ.

ಹೊಲಿಗೆ ಕೋಣೆಯ ಚಿಕ್ಕ ಯಜಮಾನಿ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದಿದ್ದಳು. ಇಪ್ಪತ್ತರ ಆಸುಪಾಸಿನ ಹುಡುಗಿ. ಕೈಯಲ್ಲಿ ಹೂವಿತ್ತು, ಎಲ್ಲಿಡಬೇಕೆಂದು ತಿಳಿಯಲಿಲ್ಲ. ಯಾರೂ ಸರಿದು ಜಾಗ ಕೊಡಲಿಲ್ಲ. ಯಾವ ರಾಣಿ ಎಂದೂ ಹೇಳಲಿಲ್ಲ.

*

ಕೆಲಸಕ್ಕೆ ಸೇರಿದ ಹೊಸದರಲ್ಲಿ ಕತೆಯಕ್ಕ ಮಾಡಿದ ಕಾಜಗಳನ್ನು ನೋಡಿ ಮಾಸ್ತರರು, ಇದರಲ್ಲಿ ಗುಂಡಿಯೇನು, ನೀನೇ ತೂರಿಕೊಂಡು ಆಚೆ ಬರಬಹುದಲ್ಲಮ್ಮ ಎಂದಿದ್ದರು. ಆದರೆ ಅವಳು ಬಾಯಿ ತೆರೆದರೆ ಕೋಣೆಯ ಕೈಗಳೆಲ್ಲ ಚುರುಕಾಗುತ್ತಿದ್ದವು. ಮಧ್ಯಾಹ್ನದ ತೂಕಡಿಕೆ ಓಡಿಹೋಗುತ್ತಿತ್ತು. ಯಾರೂ ಗೊತ್ತುಮಾಡದೆ ಒಂದು ಪದ್ಧತಿ ಬೆಳೆಯಿತು. ನಡುವೆ ಸ್ಟೂಲಿನ ಮೇಲೆ ಬರಿಗೈಯಲ್ಲಿ ಕೂತು ಅವಳು ಕತೆ ಹೇಳುವುದು. ಅವಳ ಪಾಲಿನ ಷರಟುಗಳನ್ನು ಉಳಿದವರು ಹಂಚಿಕೊಂಡು ಮುಗಿಸುವುದು.

ಕರಾರು ಒಂದೇ. ಕೇಳುವವರು ಹೂಂಗುಟ್ಟಬೇಕು. ಪದ್ಯ ಹೇಳುವವರ ಹಾಗೆ ಅವಳು ಸಾಲಿನ ತುದಿಯನ್ನು ಎಳೆದು, ಯಾರಾದರೂ ಕೈಚಾಚಿ ತೆಗೆದುಕೊಳ್ಳಲಿ ಎಂಬಂತೆ ಹಿಡಿದಿರುತ್ತಿದ್ದಳು. “ಹೂಂ” ಎಂದರೆ ಮುಂದಿನ ಸಾಲು. ಇಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಿ ಕಿಟಕಿಯ ಕಡೆ ತಿರುಗುವಳು. ಹಿರಿಯ ಯಜಮಾನರು ಬಾಗಿಲ ಮರೆಯಲ್ಲಿ ನಿಂತು ಎಷ್ಟೋ ಸಲ ಹೂಂಗುಟ್ಟಿದ್ದುಂಟು.

ಅವರು ತೀರಿಕೊಂಡರು. ಅವರ ದೊಡ್ಡ ಕುರ್ಚಿಯಲ್ಲಿ, ಕಾಲು ನೆಲಕ್ಕೆ ಸರಿಯಾಗಿ ತಾಗದೆ, ಅವರ ಮಗಳು ಚಿಕ್ಕ ಯಜಮಾನಿ ಬಂದು ಕೂತಳು. ಮರುವಾರವೇ ಕತೆಯಕ್ಕ ಹೊಸ ಕತೆ ಎತ್ತಿಕೊಂಡಳು.

ಒಂದೂರಿಗೆ ಒಬ್ಬಳು ಪುಟ್ಟ ರಾಣಿ. ಅಪ್ಪನ ಕಿರೀಟ ಹಾಕಿಕೊಂಡರೆ ಮೂಗಿನವರೆಗೆ ಜಾರುತ್ತದೆ. ಆ ಊರಿನ ಸಿಂಹಾಸನ ಅಂತಿಂಥದ್ದಲ್ಲ, ಅದರ ಮೇಲೆ ಕೂತು ಆಡಿದ ಮಾತು ಆ ಕ್ಷಣವೇ ನಡೆದುಹೋಗುತ್ತದೆ. ಇದನ್ನು ರಾಣಿಗೆ ಯಾರೂ ಹೇಳಲಿಲ್ಲ. ಮಂತ್ರಿ ಹೇಳಿರುತ್ತಾನೆ ಎಂದುಕೊಂಡಳು ದಾದಿ. ದಾದಿ ಹೇಳಿರುತ್ತಾಳೆ ಎಂದುಕೊಂಡ ಮಂತ್ರಿ. ಮೊದಲ ದಿನ ಕಿಟಕಿಯಲ್ಲಿ ಕಾಗೆಗಳ ಗಲಾಟೆ. ಇವಕ್ಕೆ ಸ್ವಲ್ಪ ಸುಮ್ಮನಿರೋಕೆ ಆಗೋದಿಲ್ಲವೇ, ಬಾಯಿ ಮುಚ್ಚಲಿ ಎಂದಳು ರಾಣಿ. ಅಷ್ಟೇ. ರಾಜ್ಯದ ಹಕ್ಕಿಗಳ ಬಾಯೆಲ್ಲ ಕಟ್ಟಿಹೋಯಿತು. ನಮ್ಮ ಊರು ಎಷ್ಟು ಪ್ರಶಾಂತ ಎಂದು ರಾಣಿ ಸಂತೋಷಪಟ್ಟಳು. ಕೊನೆಗೆ ಹಕ್ಕಿ ಸಾಕುವ ಮುದುಕನೊಬ್ಬ ಪಂಜರ ಹೊತ್ತು ಮೆಟ್ಟಿಲು ಹತ್ತಿಬಂದು, ಹೀಗೆ ಹೀಗಾಗಿದೆ ತಾಯಿ, ಮಾಡಿದ್ದು ನೀನು ಎಂದ. ರಾಣಿ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಬಾಯಿ ತೆರೆದಳು.

ಅಲ್ಲಿಗೆ ಕೆಲಸ ಬಿಡುವ ಗಂಟೆ ಹೊಡೆಯಿತು.

ಮಾರನೆಯ ದಿನ ಹೊಸ ಮಷಿನ್ನುಗಳು ಬಂದವು. ಬರಿಗೈಯಲ್ಲಿ ಕೂತಿದ್ದ ಕತೆಯಕ್ಕನನ್ನು ಕಂಡು ಚಿಕ್ಕ ಯಜಮಾನಿ, ಕೆಲಸ ಬಾರದವಳೆಂದು ಇವಳನ್ನು ಎಲ್ಲರೂ ದೂರ ಇಟ್ಟಿದ್ದಾರೆ ಎಂದುಕೊಂಡಳು. ಅವಳಿಗೂ ಒಂದು ಮಷಿನ್ನು ಕೊಡಿಸಿ, ಎಲ್ಲಕ್ಕಿಂತ ಒಳ್ಳೆಯ ಬೆಳಕಿದ್ದ ಕಿಟಕಿಯ ಪಕ್ಕದ ಜಾಗ ತೋರಿಸಿದಳು. ಮಾಸ್ತರರು ಹೇಳುತ್ತಾರೆ ಎಂದು ಕಾಜದಕ್ಕ ಸುಮ್ಮನಿದ್ದಳು, ಕಾಜದಕ್ಕ ಹೇಳುತ್ತಾಳೆ ಎಂದು ಮಾಸ್ತರರು. ಸ್ಟೂಲು ಮೆಟ್ಟಿಲ ಕೆಳಗೆ ಹೋಯಿತು. ಮಷಿನ್ನುಗಳ ಸದ್ದಿನಲ್ಲಿ ಯಾರ ಹೂಂ ಯಾರಿಗೂ ಕೇಳುತ್ತಿರಲಿಲ್ಲ.

*

ಸ್ಮಶಾನದ ದಾರಿಯಲ್ಲಿ ಚಿಕ್ಕ ಯಜಮಾನಿ ಎಲ್ಲರಿಗಿಂತ ಹಿಂದೆ ನಡೆಯುತ್ತಿದ್ದಳು. ಕತೆಯಕ್ಕನ ಮಗಳು ನಡಿಗೆ ನಿಧಾನ ಮಾಡಿ ಅವಳ ಜೊತೆಯಾದಳು. ಹೂಂಗುಟ್ಟುವ ಪದ್ಧತಿಯಿಂದ ಹಿಡಿದು ಮುದುಕನ ಪಂಜರದವರೆಗೆ ಎಲ್ಲವನ್ನೂ ಹೇಳಿದಳು. ಹೇಳಿ ಮುಗಿಯುವಷ್ಟರಲ್ಲಿ ಗೇಟು ಬಂದಿತ್ತು.

“ನಂಗೆ ಯಾರೂ ಹೇಳಲೇ ಇಲ್ಲ” ಎಂದಳು ಹುಡುಗಿ.

“ರಾಣಿಗೂ ಯಾರೂ ಹೇಳಿರಲಿಲ್ಲ ಮೇಡಂ.”

ಹುಡುಗಿ ಮುಂದೆ ಹೋಗುತ್ತಿದ್ದ ಕಾಜದಕ್ಕನ ಬೆನ್ನನ್ನೇ ನೋಡುತ್ತಿದ್ದಳು.

“ನಿಮ್ಮಮ್ಮ ನನ್ನ ಮೇಲೆ ಸಿಟ್ಟು ಮಾಡ್ಕೊಂಡಿದ್ರಾ ಅಕ್ಕಾ?”

“ಇಲ್ಲ. ನಂಗೂ ಹೊಲಿಗೆ ಬರುತ್ತೆ ಅಂತ ನಂಬಿದೋಳು ಅವಳೊಬ್ಬಳೇ ಕಣೇ ಅಂತ ನಗ್ತಿದ್ರು.” ಮಗಳು ಕಣ್ಣೊರೆಸಿಕೊಂಡಳು. “ಆದ್ರೆ ಮನೇಲಿ ಮಾತು ಕಡಿಮೆ ಆಯ್ತು. ಅದು ನಿಜ.”

“ಆ ರಾಣಿ ಕೊನೆಗೆ ಏನಾಗ್ತಾಳೆ? ಒಳ್ಳೆಯವಳಾಗ್ತಾಳಾ?”

“ನಾನೂ ಕೇಳಿದ್ದೆ. ನಂಗೇನು ಗೊತ್ತು, ಇನ್ನೂ ಯಾರೂ ಹೂಂ ಅಂದಿಲ್ಲವಲ್ಲ ಅಂದ್ರು.”

ಮಾಸ್ತರರು ಪ್ರಾರ್ಥನೆ ಹೇಳಿದರು. ಅವರ ದನಿ ತೆಳುವಾಗಿತ್ತು, ಪದಗಳು ಸ್ಪಷ್ಟವಾಗಿದ್ದವು. ಒಬ್ಬೊಬ್ಬರೂ ಒಂದೊಂದು ಹಿಡಿ ಮಣ್ಣು ಹಾಕಿದರು. ತನ್ನ ಸರದಿ ಮುಗಿಸಿ ಹುಡುಗಿ ಯಾರಿಗೂ ಹೇಳದೆ ಹೊರಟುಹೋದಳು. ನೋಡಿದಿರಾ, ಕೊನೆತನಕ ನಿಲ್ಲೋಕೂ ಪುರಸೊತ್ತಿಲ್ಲ ಎಂದು ಕಾಜದಕ್ಕ ಮಾಸ್ತರರ ಕಿವಿಯಲ್ಲಿ ಹೇಳಿದಳು.

*

ಕತೆಯಕ್ಕನ ಪಾಲಿನ ಷರಟುಗಳು ಹಾಗೇ ಬಿದ್ದಿದ್ದವು. ಮಷಿನ್ನು ಬಂದ ಮೇಲೆ ತಪ್ಪಿಹೋಗಿದ್ದರೂ, ಯಾರ ಪಾಲೂ ರಾತ್ರಿಗೆ ಉಳಿಯಬಾರದು ಎನ್ನುವುದು ಆ ಕೋಣೆಯ ಹಳೆಯ ನಡವಳಿಕೆ. ಆದ್ದರಿಂದ ಸ್ಮಶಾನದಿಂದ ಎಲ್ಲರೂ ಹೊಲಿಗೆ ಕೋಣೆಗೇ ಬಂದರು, ಮಗಳೂ ಜೊತೆಗೆ ಬಂದಳು.

ಬಾಗಿಲು ತೆರೆದಿತ್ತು. ಮಷಿನ್ನುಗಳ ಮೇಲೆ ಬಟ್ಟೆ ಹೊದಿಸಿತ್ತು. ಸ್ಟೂಲು ನಡುವಿಗೆ ಬಂದಿತ್ತು, ಅದರ ದೂಳು ಒರೆಸಿತ್ತು. ಕಿಟಕಿಯ ಬಳಿ ಚಿಕ್ಕ ಯಜಮಾನಿ ಒಂದು ಷರಟನ್ನು ಮಡಿಲಲ್ಲಿ ಹರಡಿಕೊಂಡು, ಕತೆಯಕ್ಕ ಹಾಕಿದ ಸೊಟ್ಟ ಹೊಲಿಗೆಯನ್ನು ಸೂಜಿಮೊನೆಯಿಂದ ಬಿಚ್ಚುತ್ತಿದ್ದಳು. ಅವಳ ಕೈ ಇನ್ನೂ ಮಣ್ಣಾಗಿತ್ತು.

“ಮಷಿನ್ನು ಹಾಕಲೇ ಮೇಡಂ?” ಎಂದರು ಮಾಸ್ತರರು.

“ಬೇಡ ಮಾಸ್ತರೇ. ಕೈಯಲ್ಲೇ ಮುಗಿಸೋಣ.”

ಹೆಂಗಸರು ಬೆಂಚುಗಳ ಮೇಲೆ ಕೂತು ಷರಟುಗಳನ್ನು ಹಂಚಿಕೊಂಡರು. ದಾರ ಎಳೆಯುವ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಆ ನಿಶ್ಶಬ್ದವನ್ನು ತಡೆದುಕೊಳ್ಳುವುದು ಕಷ್ಟವಾಯಿತು. ಖಾಲಿ ಸ್ಟೂಲಿನ ಮೇಲೆ ಕೂರಲು ಯಾರಿಗೂ ಮನಸ್ಸಾಗಲಿಲ್ಲ. ಕಾಜದಕ್ಕ ಎರಡು ಕಾಜ ಮುಗಿಸಿ, ಮೂರನೆಯದನ್ನು ಅರ್ಧಕ್ಕೆ ನಿಲ್ಲಿಸಿ, ಕೆಮ್ಮಿ ಗಂಟಲು ಸರಿಮಾಡಿಕೊಂಡಳು. ಕೂತಲ್ಲಿಂದಲೇ, ಕತೆಯಕ್ಕನ ಧಾಟಿಯಲ್ಲಿ, ಸ್ವಲ್ಪ ಅಪಸ್ವರವಾಗಿ ಶುರುಮಾಡಿದಳು.

“ಪುಟ್ಟ ರಾಣಿ ಬಾಯಿ ತೆರೆದಳೂ…”

ಸಾಲಿನ ತುದಿಯನ್ನು ಎಳೆದು ಹಿಡಿದಳು. ಮಾಸ್ತರರು ಹೆಂಗಸರನ್ನು ನೋಡಿದರು, ಹೆಂಗಸರು ಮಗಳನ್ನು ನೋಡಿದರು. ಮಗಳು ಕಿಟಕಿಯ ಕಡೆ ತಿರುಗಿದಳು.

ಕಿಟಕಿಯ ಬಳಿ ಸೂಜಿ ನಿಂತಿತ್ತು.

“ಹೂಂ” ಎಂದಳು ಹುಡುಗಿ. ಕೇಳಿಸಿತೋ ಇಲ್ಲವೋ ಎಂಬ ಅನುಮಾನ ಬಂದಿರಬೇಕು, ಇನ್ನೊಮ್ಮೆ ಹೇಳಿದಳು. “ಹೂಂ.”

ಕಾಜದಕ್ಕ ತಲೆಯೆತ್ತಲಿಲ್ಲ. ಮಡಿಲಿನ ಷರಟನ್ನು ಎತ್ತಿಕೊಂಡು, ಬೆಂಚಿನ ಮೇಲೆ ಸ್ವಲ್ಪ ಪಕ್ಕಕ್ಕೆ ಸರಿದು, ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟಳು.