ರೆಫರಿಯ ಮನೆ

ಅಣ್ಣನ ಕಪ್ಪು ಅಂಗಿಯ ಮೇಲಿನ ಗುಂಡಿ ತೂತಿಗೆ ಕೂರುತ್ತಿರಲಿಲ್ಲ. ತಂಗಿ ಎರಡು ಸಲ ನೋಡಿ, ಕನ್ನಡಕ ಹಾಕಿಕೊಂಡು ಮತ್ತೆ ಬಗ್ಗಿದಳು. ಬದುಕಿದ್ದಾಗ ಆ ಗುಂಡಿ ಹಾಕದೆ ಆತ ಮೈದಾನಕ್ಕೆ ಇಳಿದವನಲ್ಲ. ಇವತ್ತು ಹಾಗೇ ಬಿಡಲು ಅವಳಿಗೆ ಮನಸ್ಸಾಗಲಿಲ್ಲ.

"ಅಮ್ಮಾ, ಹೊರಡೋಣ್ವಾ?" ವ್ಯಾನಿನ ಡ್ರೈವರ್ ಬಾಗಿಲಲ್ಲೇ ನಿಂತು ಕೇಳಿದ. "ಎತ್ತೋಕೆ ನಾಲ್ಕು ಜನ ಬೇಕು. ಯಾರ್ಯಾರಿದ್ದಾರೆ?"

"ನೀನಿದ್ದೀಯಲ್ಲಪ್ಪ."

"ನಾನಿದ್ದೀನಿ, ಸರಿ. ಮಿಕ್ಕೋರು?"

"ನಾನೂ ಒಂದು ಕೈ ಹಿಡೀತೀನಿ ಬಿಡು," ಎಂದಳು ಪಕ್ಕದ ಮನೆಯಾಕೆ. ಮಂಡಿ ನೋವಿನಿಂದ ಆಕೆಗೆ ನೀರಿನ ಬಕೆಟ್ ಎತ್ತುವುದೇ ದೊಡ್ಡ ಸಾಹಸ. ಡ್ರೈವರ್ ಆಕೆಯನ್ನು ಮೇಲಿಂದ ಕೆಳಗೊಮ್ಮೆ ನೋಡಿದ.

ಮೂವತ್ತು ವರ್ಷ ಊರಿನ ಫುಟ್‌ಬಾಲ್ ಪಂದ್ಯಗಳಿಗೆಲ್ಲ ರೆಫರಿಯಾಗಿದ್ದ ಮನುಷ್ಯ. ಅವನು ಸೀಟಿ ಊದಿದರೆ ಇಡೀ ಮೈದಾನ ನಿಲ್ಲುತ್ತಿತ್ತು. ಅಂಥವನನ್ನು ಎತ್ತಲು ನಾಲ್ಕು ಜನ ಇಲ್ಲದಂತಾಯಿತೇ? ತಂಗಿ ಬೆಳಗಾಗುತ್ತಲೇ ಕ್ಲಬ್ಬಿಗೆ ಫೋನ್ ಮಾಡಿ ತಿಳಿಸಿದ್ದಳು. ಒಬ್ಬರಾದರೂ ಬಂದಿರಲಿಲ್ಲ.

ತಪ್ಪು ಅವರದೆನ್ನುವಂತೆಯೂ ಇರಲಿಲ್ಲ. ಆಟಗಾರರು ಮನೆಯ ಗೇಟು ದಾಟಬಾರದು ಎಂಬುದು ಅಣ್ಣನೇ ಮಾಡಿದ ಕಟ್ಟಳೆ. "ಇವತ್ತು ನಮ್ಮನೇಲಿ ಟೀ ಕುಡಿದವನಿಗೆ ನಾಳೆ ಪೆನಾಲ್ಟಿ ಕೊಟ್ರೆ, ಸ್ನೇಹಕ್ಕೆ ಕೊಟ್ಟ ಅಂತಾರೆ. ಕೊಡದಿದ್ರೆ, ಟೀ ಕುಡಿಸಿ ಕೈಕೊಟ್ಟ ಅಂತಾರೆ," ಎನ್ನುತ್ತಿದ್ದ. ಒಮ್ಮೆ ಸುರಿಯುವ ಮಳೆಯಲ್ಲಿ ಬಂದ ಗೋಲ್‌ಕೀಪರ್‌ನನ್ನು ಗೇಟಿನ ಹೊರಗೇ ನಿಲ್ಲಿಸಿ, ಒಳಗಿಂದ ಛತ್ರಿ ತಂದುಕೊಟ್ಟು ಸಾಗಹಾಕಿದ್ದ. ಕಟ್ಟಳೆ ಅವನೊಬ್ಬನದಾದರೂ ಮನೆ ಇಬ್ಬರದು. ಹೊರಗಿನವರ ನಗು ಕೇಳದ ಆ ಮನೆಯಲ್ಲಿ ತಂಗಿಗೂ ಕೂದಲು ಬೆಳ್ಳಗಾಯಿತು.

*

ಒಂದೇ ಒಂದು ಸಂಜೆ ಬೇರೆಯಾಗಿತ್ತು. ಗೋಲ್‌ಕೀಪರ್ ಹಳೆಯ ಪಂದ್ಯಗಳ ಕತೆಗಳನ್ನೆಲ್ಲ ಬರೆದು ಪುಸ್ತಕ ಮಾಡಿದ್ದ. ಬಿಡುಗಡೆ ಯಾರು ಮಾಡಬೇಕೆಂದು ಕ್ಲಬ್ಬಿನ ಎರಡೂ ತಂಡಗಳು ಹಗ್ಗಜಗ್ಗಾಟಕ್ಕೆ ಬಿದ್ದವು. ಕೊನೆಗೆ, ಎರಡೂ ಕಡೆಯವರಿಂದ ಸಮನಾಗಿ ಬೈಸಿಕೊಂಡವನು ಎಂಬ ಕಾರಣಕ್ಕೆ ರೆಫರಿಯೇ ಆಗಲಿ ಎಂದಾಯಿತು. ಅವನು ಸೀಟಿ ಊದುವುದನ್ನು ಬಿಟ್ಟು ಆಗಿನ್ನೂ ವಾರವಾಗಿತ್ತು.

ಗೋಲ್‌ಕೀಪರ್ ಮೈಕ್ ಹಿಡಿದು, "ಇವರನ್ನ ಒಂದ್ಸಲಾನೂ ಬೈಯದೇ ಇರೋರು ಕೈ ಎತ್ತಿ," ಎಂದ. ಸಭೆಯಲ್ಲಿ ಒಂದು ಕೈಯೂ ಮೇಲೇಳಲಿಲ್ಲ. ಪಾಪ ಅನಿಸಿ, ಹಿಂದಿನ ಸಾಲಿನಲ್ಲಿ ಕೂತಿದ್ದ ತಂಗಿ ಮೆಲ್ಲಗೆ ಕೈ ಎತ್ತಿದಳು.

"ಫೌಲ್!" ಅಣ್ಣ ವೇದಿಕೆಯಿಂದಲೇ ಕೂಗಿದ. "ಇವತ್ತು ಬೆಳಿಗ್ಗೇನೂ ಬೈದಿದ್ದಾಳೆ!"

ಸಭೆಗೆ ಸಭೆಯೇ ಬಿದ್ದುಬಿದ್ದು ನಕ್ಕಿತು. ಅಣ್ಣನೂ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಆಟಗಾರರ ನಡುವೆ ನಿಂತು ಎರಡು ಲೋಟ ಟೀ ಕುಡಿದ. ಹಳೆಯ ಪೆನಾಲ್ಟಿಯೊಂದರ ಬಗ್ಗೆ ಯಾರೋ ಜಗಳ ತೆಗೆದರೆ, ತೋಳು ಮಡಚಿ ವಾದಕ್ಕಿಳಿದ. ಅಣ್ಣನಿಗೆ ಇಷ್ಟು ಮಾತು ಬರುತ್ತದೆಂಬುದು ತಂಗಿಗೆ ಗೊತ್ತೇ ಇರಲಿಲ್ಲ.

"ಇನ್ನು ನಂಗೆ ಪಂದ್ಯಾನೂ ಇಲ್ಲ, ಹಂಗೂ ಇಲ್ಲ," ಎಂದ ಮನೆಯ ದಾರಿಯಲ್ಲಿ. "ಇನ್ಮೇಲೆ ಯಾರು ಬೇಕಾದ್ರೂ ಮನೆಗೆ ಬರಬಹುದು ಕಣೇ."

ಮರುದಿನ ಹೊಸ ಲೋಟಗಳನ್ನು ತಂದ. ಭಾನುವಾರ ಹೆಚ್ಚಿಗೆ ಹಾಲು ತರಿಸಿದ. ಯಾರೂ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಹಾಗೇ ಕಳೆಯಿತು. "ಅವರಿಗೂ ಮನೆ ಮಠ ಅಂತ ಇರುತ್ತಲ್ಲ," ಎಂದು ತಾನೇ ಸಮಾಧಾನ ಹೇಳಿಕೊಂಡ. ಕೆಲವು ತಿಂಗಳು ಕಳೆದ ಮೇಲೆ ಹೆಚ್ಚಿನ ಹಾಲು ಬೇಡವೆಂದ. ತಂಗಿ ಯಾಕೆಂದು ಕೇಳಲಿಲ್ಲ.

*

"ಅಮ್ಮಾ, ಹೊರಗೆ ಬಸ್ಸಿಗೆ ಕಾಯ್ತಿರೋರನ್ನೇ ಕರೀಲಾ?" ಡ್ರೈವರ್‌ಗೆ ತಡೆಯಲಾಗಲಿಲ್ಲ.

"ಯಾವ ಬಸ್ಸು? ಈ ರಸ್ತೇಲಿ ಬಸ್ಸೇ ಓಡಾಡಲ್ಲ."

"ಮತ್ತೆ ಅಷ್ಟೊಂದು ಜನ ಯಾಕೆ ನಿಂತಿದ್ದಾರೆ?"

ತಂಗಿ ಹೊರಗೆ ಬಂದಳು. ಗೇಟಿನಾಚೆ ರಸ್ತೆಯುದ್ದಕ್ಕೂ ಜನ. ಹೊಟ್ಟೆ ಬಂದ ಫಾರ್ವರ್ಡ್‌ಗಳು, ಊರುಗೋಲು ಹಿಡಿದ ಡಿಫೆಂಡರ್‌ಗಳು. ಒಂದು ತಂಡದವರು ರಸ್ತೆಯ ಆ ಬದಿ, ಇನ್ನೊಂದು ತಂಡದವರು ಈ ಬದಿ. ಗೇಟಿಗೆ ಚಿಲಕ ಕೂಡ ಹಾಕಿರಲಿಲ್ಲ. ಎಲ್ಲರಿಗಿಂತ ಮುಂದೆ ಗೋಲ್‌ಕೀಪರ್ ಕೈಕಟ್ಟಿ ನಿಂತಿದ್ದ.

"ಯಾವಾಗ ಬಂದ್ರಿ?"

"ಫೋನ್ ಬಂದ ತಕ್ಷಣ ಬಂದ್ವಿ ಅಕ್ಕಾ."

"ಒಳಗೆ ಬರಬಾರ್ದಿತ್ತಾ?"

"ಸಾರ್ ಬಿಡ್ತಿರಲಿಲ್ಲವಲ್ಲ."

"ಬಿಟ್ಟಿದ್ದ! ಪುಸ್ತಕ ಬಿಡುಗಡೆ ಆದ ದಿನಾನೇ ಬಿಟ್ಟಿದ್ದ. ಭಾನುವಾರ ಭಾನುವಾರ ನಿಮಗೆ ಅಂತ ಹಾಲು ತರಿಸಿಟ್ಕೊಂಡು ಕೂತಿರ್ತಿದ್ದ."

ಗೋಲ್‌ಕೀಪರ್‌ನ ಕಣ್ಣು ತುಂಬಿತು. "ನಮಗೆ ಹೇಳಲೇ ಇಲ್ಲವಲ್ಲ ಅಕ್ಕಾ. ಕರೀಲಿ ಅಂತ ನಾವೂ ಕಾಯ್ತಿದ್ವಿ."

ತಂಗಿಗೆ ಸಿಟ್ಟು ಉಕ್ಕಿ ಬಂತು. ಬಾಯಿಬಿಟ್ಟು ಹೇಳದ ಅಣ್ಣನ ಮೇಲೆ, ಬಾಯಿಬಿಟ್ಟು ಕೇಳದ ಈ ಧಡಿಯರ ಮೇಲೆ, ಎಲ್ಲ ಗೊತ್ತಿದ್ದೂ ಸುಮ್ಮನಿದ್ದ ತನ್ನ ಮೇಲೆ. ಒಬ್ಬರು ಒಂದು ಮಾತು ಆಡಿದ್ದರೆ ಸಾಕಿತ್ತು. ಈಗ ಬೈದುಕೊಳ್ಳೋಣವೆಂದರೂ ಆತ ಇಲ್ಲ.

ಅವಳು ಗೇಟನ್ನು ಪೂರ್ತಿ ತೆರೆದಳು. "ಬನ್ನಿ. ಎತ್ತೋಕೆ ಜನ ಇಲ್ಲ."

ಮೊದಲು ಗೋಲ್‌ಕೀಪರ್ ಬಂದ. ಆರಡಿ ಮೀರಿದ ಆಳು; ಈ ಮನೆಯ ಬಾಗಿಲು ತಗ್ಗೆಂಬುದು ಅವನಿಗೆ ಹೇಗೆ ಗೊತ್ತಿರಬೇಕು? "ತಲೆ ಜೋಪಾನ," ಎಂದು ತಂಗಿ ಹೇಳುವಷ್ಟರಲ್ಲಿ ಹಣೆ ಚೌಕಟ್ಟಿಗೆ ಬಡಿದಿತ್ತು. ಅವನು ಹಣೆ ಒತ್ತಿ ಹಿಡಿದು, ಬಗ್ಗಿ ಒಳಗೆ ಹೋದ. ಅವನ ಹಿಂದಿದ್ದವರು, ಚೌಕಟ್ಟಿಗಿಂತ ಗೇಣುದ್ದ ಗಿಡ್ಡಗಿದ್ದವರು ಕೂಡ, ಒಬ್ಬೊಬ್ಬರಾಗಿ ತಲೆ ಬಗ್ಗಿಸಿಕೊಂಡೇ ಒಳಗೆ ಬಂದರು.