ಬಾಗಿಲಣ್ಣನ ನಗು

ನಗು ಅನ್ನೋದು ಸ್ನಾಯುವಿನ ಕೆಲಸ. ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗದಲ್ಲಿ ಇದನ್ನ ಯಾರಿಗಾದರೂ ಹೇಳ್ತಾನೇ ಇರ್ತೀನಿ. ಸೊಟ್ಟಗಾದ ಬಾಯಿ, ಮಡಚದ ಮಂಡಿ, ಮೇಲೇಳದ ಭುಜ, ಇವನ್ನೆಲ್ಲ ದಾರಿಗೆ ತರೋದು ನನ್ನ ಹೊಟ್ಟೆಪಾಡು. ನನ್ನ ನಾಲಿಗೆ ಸ್ವಲ್ಪ ಉದ್ದ ಅಂತ ರೋಗಿಗಳು ಗೊಣಗ್ತಾರೆ. ಗೊಣಗಲಿ. ಅವರ ಜೊತೆ ನಾನೂ ಅಯ್ಯೋ ಪಾಪ ಅಂತ ಕೂತರೆ ಮಂಡಿ ಮಡಚೋರು ಯಾರು?

ಹಾಗಾಗಿ ಭಾವನ ಬಾಯಿ ಸೊಟ್ಟಗಾದ ದಿನ ಮನೆಯಲ್ಲಿ ಗಾಬರಿ ಬೀಳದೆ ಇದ್ದವಳು ನಾನೊಬ್ಬಳೇ. ಬೆಳಿಗ್ಗೆ ಹಲ್ಲುಜ್ಜಿ ಬಾಯಿ ಮುಕ್ಕಳಿಸೋಕೆ ಹೋದರೆ ನೀರು ಎಡಗಡೆಯಿಂದ ಸೋರಿ ಅಂಗಿ ಮೇಲೆ ಬಿತ್ತಂತೆ. ಅವರ ಮನೆಯ ಮಹಡಿ ಕೋಣೆಯಲ್ಲಿರೋ ನನ್ನನ್ನ ಅಕ್ಕ ಮೆಟ್ಟಿಲ ಕೆಳಗೆ ನಿಂತು ಕೂಗಿದ ರೀತಿಗೆ ಪಕ್ಕದ ಮನೆಯವರೂ ಎದ್ದು ಕೂತರು. ನಾನು ಇಳಿದು ಬಂದು "ಹುಬ್ಬು ಎತ್ತಿ ಭಾವ" ಅಂದೆ. ಒಂದೇ ಎದ್ದಿತು. "ಕಣ್ಣು ಮುಚ್ಚಿ." ಎಡಗಣ್ಣು ತೆರೆದೇ ಇತ್ತು. "ಕೈ ಎತ್ತಿ." ಎರಡೂ ಎದ್ದವು. ಸದ್ಯ, ಪಾರ್ಶ್ವವಾಯು ಇರಲಿಕ್ಕಿಲ್ಲ ಅಂತ ಉಸಿರು ಬಿಟ್ಟೆ. ಡಾಕ್ಟರೂ ಪರೀಕ್ಷೆ ಮಾಡಿ ಅದನ್ನೇ ಹೇಳಿದರು. ಮುಖದ ನರ ಊದಿಕೊಂಡಿದೆ, ಮಾತ್ರೆ ತಗೊಳ್ಳಿ, ಕಣ್ಣಿಗೆ ಹನಿ ಹಾಕಿ, ಸಾಮಾನ್ಯವಾಗಿ ಸರಿಹೋಗುತ್ತೆ, ಕೆಲವರಿಗೆ ಪೂರ್ತಿ ಹೋಗಲ್ಲ.

ಬೇರೆಯವರ ಮುಖವಾಗಿದ್ದರೆ ವಿಷಯ ಅಷ್ಟಕ್ಕೇ ಮುಗೀತಿತ್ತು. ಭಾವನ ಮುಖ ಚರ್ಚಿನ ಆಸ್ತಿ.

ಭಾನುವಾರ ಚರ್ಚಿನ ಬಾಗಿಲಲ್ಲಿ ನಿಂತು, ಬಂದವರ ಕೈ ಕುಲುಕಿ ಒಳಗೆ ಕಳಿಸೋದು ಭಾವನ ಸೇವೆ. ಅಕ್ಕನನ್ನ ಮದುವೆಯಾಗೋಕೆ ಮುಂಚಿನಿಂದಲೂ ಅದೇ ಜಾಗ. ದೊಡ್ಡವರು ಚಿಕ್ಕವರು ಎಲ್ಲರಿಗೂ ಅವರು 'ಬಾಗಿಲಣ್ಣ'. ಆ ನಗುವೋ, ಕಿವಿಯಿಂದ ಕಿವಿಗೆ. ಜ್ವರ ಇರಲಿ, ಹಲ್ಲುನೋವಿರಲಿ, ಅಂಗಡಿಯಲ್ಲಿ ಯಾರ ಹತ್ತಿರವೋ ಬೈಸಿಕೊಂಡು ಬಂದಿರಲಿ, ನಗು ಒಂದಿಷ್ಟೂ ಕಡಿಮೆಯಾಗ್ತಿರಲಿಲ್ಲ. ಕರ್ತನಾದ ದೇವರಲ್ಲಿ ಸಂತೋಷವಾಗಿರೋದು ಅಂದರೆ ಏನು ಅಂತ ತಿಳೀಬೇಕಾದರೆ ಹೋಗಿ ಬಾಗಿಲಣ್ಣನ ಮುಖ ನೋಡಿ ಅಂತ ಹಳೆ ಪಾಸ್ಟರ್ ಭಾನುವಾರ ವೇದಿಕೆ ಮೇಲೆ ಪ್ರಸಂಗ ಮಾಡುವಾಗಲೇ ಹೇಳ್ತಿದ್ದರು. ಹೊಸ ಪಾಸ್ಟರ್ ಬಂದ ಮೇಲೂ ಅದೇ ರಾಗ.

ಆ ಹೊಸ ಪಾಸ್ಟರ್ ಮನೆಗೆ ಬಂದರು. ಒಳ್ಳೆ ಮನುಷ್ಯ, ಚಿಕ್ಕ ವಯಸ್ಸು, ಯಾರಿಗೂ ನೋವಾಗಬಾರದು ಅಂತ ಮಾತನ್ನ ಸುತ್ತಿ ಬಳಸಿ ಆಡ್ತಾರೆ. ಅಕ್ಕ ಟೀ ಕೊಟ್ಟಳು. ಭಾವ ಅವರ ಎದುರಿಗೇ ಸ್ಟ್ರಾ ಹಾಕ್ಕೊಂಡು ಟೀ ಕುಡಿದರು. ಬಿಸಿ ಟೀಯನ್ನ ಸ್ಟ್ರಾದಲ್ಲಿ ಕುಡಿಯೋ ಮನುಷ್ಯನ ಮುಂದೆ ಕೂತು ಗಂಭೀರವಾಗಿ ಮಾತಾಡೋದು ಎಂಥವರಿಗೂ ಕಷ್ಟ.

"ಸ್ವಲ್ಪ ದಿನ ಕೂತು ಆರಾಧನೆ ಮಾಡಿ ಅಣ್ಣ" ಅಂದರು ಪಾಸ್ಟರ್. "ಹೊಸದಾಗಿ ಬರೋರು ಇರ್ತಾರೆ, ಏನೋ ಬೇಜಾರಲ್ಲಿ ನಿಂತಿದ್ದಾರೆ ಅಂದ್ಕೊಬಾರದಲ್ವಾ. ಮುಖ ಸರಿಹೋಗಲಿ. ಜಾಗ ನಿಮ್ಮದೇ."

"ಹೌದು ಹೌದು, ನೀವು ಹೇಳೋದು ಸರಿ" ಅಂದರು ಭಾವ.

ಅವತ್ತಿಂದ ಭಾವನಿಗೆ ನಗುವಿನ ಹುಚ್ಚು ಹಿಡೀತು. ಅವರದು ಕನ್ನಡಕದ ಅಂಗಡಿ. ನಾಲ್ಕು ಗೋಡೆಗೂ ಕನ್ನಡಿ, ಟೇಬಲ್ ಮೇಲೆ ಕೈಗನ್ನಡಿ. ಲೆನ್ಸಿನ ಅಂಚು ಉಜ್ಜುತ್ತಾ ಒಮ್ಮೆ ಹಲ್ಲು ಬಿಡೋದು, ಫ್ರೇಮಿನ ಕಡ್ಡಿ ಬಿಸಿ ಮಾಡಿ ಬಗ್ಗಿಸುತ್ತಾ ಇನ್ನೊಮ್ಮೆ. ಕಿವಿಯ ಹಿಂದೆ ಕಡ್ಡಿ ಸರಿಯಾಗಿ ಕೂತಿದೆಯಾ ಅಂತ ಬಗ್ಗಿ ನೋಡುವಾಗ ಗಿರಾಕಿಯ ಮೂಗಿಗೆ ಮೂಗು ತಾಗೋಷ್ಟು ಹತ್ತಿರ ಹೋಗಬೇಕಲ್ಲ, ಆಗಲೂ ಬಿಡದೆ ಅಭ್ಯಾಸ. ಒಬ್ಬ ಹೆಂಗಸು ಹೊಸ ಕನ್ನಡಕ ಹಾಕ್ಕೊಂಡು ಮೊದಲು ಕಂಡಿದ್ದು ಭಾವನ ಮುಖ. ಕಿರುಚಿಕೊಂಡಳಂತೆ. ನಂಬರ್ ಸರಿಯಾಗಿದೆ ಅಂತ ಗೊತ್ತಾಯ್ತಲ್ಲ ಬಿಡಿ ಅಂದೆ. ಭಾವ ನಗಲಿಲ್ಲ.

"ಹೀಗೆ ಜೋರಾಗಿ ಎಳೆದಾಡಬಾರದು" ಅಂತ ಬೈದೆ. "ಸಂಜೆ ನನ್ನ ಮುಂದೆ ಮಾತ್ರ. ನಿಧಾನಕ್ಕೆ. ನಾನು ಹೇಳಿದಷ್ಟು."

"ಬೇಗ ಸರಿಹೋಗ್ಬೇಕು ಡಾಕ್ಟ್ರಮ್ಮ." ನನ್ನನ್ನ ರೇಗಿಸೋಕೆ ಅವರಿಟ್ಟ ಹೆಸರು ಅದು. ಆದರೆ ದನಿಯಲ್ಲಿ ತಮಾಷೆ ಇರಲಿಲ್ಲ.

"ಬಾಗಿಲು ಎಲ್ಲೂ ಓಡಿಹೋಗಲ್ಲ."

"ಬಾಗಿಲಿಗೋಸ್ಕರ ಅಲ್ಲ." ಕನ್ನಡಿಯನ್ನ ಮಂಡಿ ಮೇಲೆ ಮಗುಚಿ ಇಟ್ಟರು. "ಒಳಗೆ ಕೂತೆನಲ್ಲ ಹೋದ ಭಾನುವಾರ. ಪಕ್ಕದಲ್ಲಿ ಎಲ್ಲರೂ ಹಾಡ್ತಿದ್ರು. ನನ್ನೊಳಗೆ ನೋಡ್ಕೊಂಡೆ. ಏನೂ ಇಲ್ಲ. ಖಾಲಿ. ಯೌವನದಲ್ಲಿ ದೇವರನ್ನ ತಿಳ್ಕೊಂಡಾಗ ಆ ಸಂತೋಷ ನಿಜವಾಗ್ಲೂ ಇತ್ತು, ಎದೆ ತುಂಬಾ ಇತ್ತು, ಅದಂತೂ ಸುಳ್ಳಲ್ಲ. ಯಾವಾಗ ಹೋಯ್ತೋ ಗೊತ್ತೇ ಆಗಿಲ್ಲ. ನಗು ಬಂದ್ಬಿಟ್ರೆ ಅದೂ ವಾಪಸ್ ಬರುತ್ತೇನೋ ಅಂತ."

"ಬರದೇ ಇದ್ರೆ?"

"ಬರದೇ ಇದ್ರೆ ನಾನು ಇಷ್ಟು ವರ್ಷ ಊರಿಗೆಲ್ಲ ಹಂಚಿದ್ದೇನು?" ಅಂದರು. ನಾನೂ ಚರ್ಚಿಗೆ ಹೋಗ್ತೀನಿ, ಆದರೆ ಅಂಥ ಪ್ರಶ್ನೆ ನನ್ನ ವಿಭಾಗಕ್ಕೆ ಬರಲ್ಲ. ಅವರ ಕಣ್ಣಿಗೆ ಹನಿ ಹಾಕಿ ಮೇಲೆ ಹೋದೆ.

ಅದಾಗಿ ಕೆಲವು ದಿನಕ್ಕೆ, ಒಂದು ಸಂಜೆ, ನಡುಮನೆಯಲ್ಲಿ ಅಭ್ಯಾಸ ನಡೀತಿತ್ತು. "ಕೆನ್ನೆ ಊದಿಸಿ. ಬಿಡಿ. ತುಟಿ ಮುಂದೆ ಮಾಡಿ. ಬಿಡಿ. ಈಗ ಹಲ್ಲು ತೋರಿಸಿ. ನಗೋಕೆ ಹೋಗ್ಬೇಡಿ, ಬರೀ ಹಲ್ಲು." ಬಲಗಡೆ ಪೂರ್ತಿ ತೆರೆದುಕೊಂಡಿತು, ಎಡಗಡೆ ಜೋತುಬಿದ್ದಿತ್ತು. ಅಕ್ಕ ಒಣಗಿದ ಬಟ್ಟೆ ತೋಳಿನ ಮೇಲೆ ಹಾಕ್ಕೊಂಡು ಹಿತ್ತಲಿಂದ ಒಳಗೆ ಬಂದಳು. ನಿಂತು ನೋಡಿದಳು.

"ಚೆನ್ನಾಗಿ ಅಭ್ಯಾಸ ಮಾಡಿ" ಅಂದಳು. "ಅವತ್ತೂ ಹೀಗೇ ಹಲ್ಲು ತೋರಿಸಿದ್ರಿ."

"ಯಾವತ್ತು?" ಅಂದರು ಭಾವ.

"ಮಗೂನ ಮಣ್ಣು ಮಾಡಿದ ಮುಂದಿನ ಭಾನುವಾರ."

ಅಕ್ಕನಿಗೆ ಒಂದು ಮಗುವಾಗಿತ್ತು, ಹೆಣ್ಣು. ದಿನ ತುಂಬಿ ಹೊಟ್ಟೆಯಲ್ಲೇ ಉಸಿರು ನಿಂತಿತ್ತು. ಆಮೇಲೆ ಆಗಲೇ ಇಲ್ಲ. ನಾನಾಗ ಕಾಲೇಜಿನಲ್ಲಿದ್ದೆ. ಆ ಮಾತನ್ನ ಈ ಮನೆಯಲ್ಲಿ ಯಾರೂ ಎತ್ತಿದ್ದೇ ಇಲ್ಲ, ಎತ್ತಬಾರದು ಅಂತ ಯಾರೂ ಹೇಳಿರಲೂ ಇಲ್ಲ.

"ನನ್ನ ಮೈಯಲ್ಲಿ ಹಾಲು ಇನ್ನೂ ನಿಂತಿರಲಿಲ್ಲ" ಅಂದಳು ಅಕ್ಕ. ಕೂಗಲಿಲ್ಲ. ಬಟ್ಟೆ ಮಡಚೋಕೆ ಶುರು ಮಾಡಿದ್ದಳು. "ಚರ್ಚಿಗೆ ಕರ್ಕೊಂಡು ಹೋದ್ರಿ. ನೀವು ಬಾಗಿಲಲ್ಲಿ ನಿಂತು ಎಲ್ಲರಿಗೂ ನಕ್ರಿ. ನಾನು ಬಂದೆ, ನನಗೂ ನಕ್ರಿ. ಕೈ ಕುಲುಕಿ ಒಳಗೆ ಬಿಟ್ರಿ, ಯಾರೋ ಹೊಸಬಳು ಬಂದ ಹಾಗೆ. ಆಹಾ ಎಂಥ ವಿಶ್ವಾಸ ನಿಮ್ಮೆಜಮಾನರದು ಅಂದ್ರು ಎಲ್ಲ. ನಾನು ಅಳ್ತಿದ್ದೆನಲ್ಲ, ಹಾಗಾದ್ರೆ ನನಗೆ ವಿಶ್ವಾಸ ಇಲ್ಲ ಅಂತಾಯ್ತು. ಆಮೇಲೆ ನಿಮ್ಮ ಮುಂದೆ ಅಳಲೇ ಇಲ್ಲ ನಾನು. ಆ ನಗು ನೋಡ್ಕೊಂಡು ಹೇಗೆ ಅಳೋದು?"

ಭಾವ ಕೈಗನ್ನಡಿ ಕೆಳಗಿಟ್ಟರು. ನಾನು ಎದ್ದು ಹೋಗಬೇಕಿತ್ತು, ಹೋಗಲಿಲ್ಲ.

"ನಿಲ್ಲಿಸೋಕೆ ಆಗ್ಲಿಲ್ಲ" ಅಂದರು. "ನಗೋದು ನಿಲ್ಲಿಸಿದ್ರೆ ಅಲ್ಲೇ ಕುಸಿದು ಬೀಳ್ತೀನಿ ಅನ್ನಿಸ್ತು. ನಿನ್ನ ಮುಂದೆ ಮಾತ್ರ ಅಲ್ಲ. ಪ್ರಾರ್ಥನೆಗೆ ಕೂತಾಗ್ಲೂ ಅಷ್ಟೇ. ದೇವರ ಎದುರಿಗೂ ಹಲ್ಲು ಕಿರಿದುಕೊಂಡೇ ಕೂತಿದ್ದೆ. ಯಾಕೆ ಹೀಗೆ ಮಾಡಿದೆ ಅಂತ ಒಂದು ದಿನಾನೂ ಕೇಳ್ಲಿಲ್ಲ. ಕೇಳಿದ್ರೆ ಸಂತೋಷ ಹೊರಟುಹೋಗುತ್ತೆ ಅಂತ ಹೆದರಿಕೆ. ಅದು ಆಗ್ಲೇ ಹೋಗಿತ್ತು ಅನ್ಸುತ್ತೆ. ಅಂಗಡಿ ಮುಚ್ಚಿದ ಮೇಲೂ ನಾನು ಬೋರ್ಡಿನ ದೀಪ ಆರಿಸ್ಲಿಲ್ಲ ಅಷ್ಟೆ."

ಆಮೇಲೆ ಅತ್ತರು. ಎಡಗಣ್ಣು ಮುಚ್ಚೋಕೆ ಬರಲ್ಲವಲ್ಲ, ತೆರೆದೇ ಅಳ್ತಿತ್ತು. ಅಕ್ಕ ಬಟ್ಟೆ ಕೆಳಗಿಟ್ಟು ಬಂದು, ಎರಡು ಬೆರಳಿನಿಂದ ಆ ರೆಪ್ಪೆಯನ್ನ ಕೆಳಗೆಳೆದು ಹಿಡಿದುಕೊಂಡಳು. ಮಗುವಿಗೆ ತಾನು ಮನಸ್ಸಿನಲ್ಲೇ ಇಟ್ಟಿದ್ದ ಹೆಸರನ್ನ ಅವರ ಕಿವಿಯಲ್ಲಿ ಹೇಳಿದಳು. ನನಗೆ ಕೇಳಿಸಲಿಲ್ಲ. ಕೇಳಿಸಿಕೊಳ್ಳಬೇಕಾದವಳೂ ನಾನಲ್ಲ.

ಶನಿವಾರ ಮೂವರೂ ಬಸ್ಸು ಹಿಡಿದು ಸ್ಮಶಾನಕ್ಕೆ ಹೋದೆವು. ಅವರಿಬ್ಬರೂ ಜೊತೆಯಾಗಿ ಒಮ್ಮೆಯೂ ಹೋಗಿರಲಿಲ್ಲ. ನಮ್ಮಪ್ಪ ಒಂದು ಚಿಕ್ಕ ಕಲ್ಲು ಹಾಕಿಸಿದ್ದು ಗೊತ್ತಿತ್ತು, ಎಲ್ಲಿ ಅನ್ನೋದು ಸರಿಯಾಗಿ ನೆನಪಿರಲಿಲ್ಲ. ಕಾವಲುಗಾರ ಗೋಡೆಯ ಕಡೆ ಕೈ ತೋರಿಸಿ "ಚಿಕ್ಕ ಕಲ್ಲಾ? ಅದೇ ನೋಡಿ" ಅಂದ. ಬಳ್ಳಿ ಮುಚ್ಚಿಕೊಂಡಿತ್ತು. ಅಕ್ಕ ಮಂಡಿಯೂರಿ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಭಾವ ನಿಂತುಕೊಂಡೇ ದೇವರನ್ನ ಬೈದರು. ಹೌದು, ಬೈದರು. ಯಾಕೆ ಕೊಟ್ಟೆ, ಯಾಕೆ ಕಿತ್ಕೊಂಡೆ, ನಿನ್ನ ಬಾಗಿಲಲ್ಲೇ ನಿಂತಿದ್ದೆನಲ್ಲ, ನನ್ನ ಬಾಗಿಲಿಗೆ ಯಾಕೆ ಬರ್ಲಿಲ್ಲ ಅಂತ. ಆ ಬಾಯಲ್ಲಿ ಅರ್ಧ ಅಕ್ಷರ ಹೊರಡದಿದ್ದರೂ ನಿಲ್ಲಿಸಲಿಲ್ಲ. ಬೈದು ಬೈದು ಸುಸ್ತಾಗಿ, ಕೂತು, ಕಲ್ಲಿನ ಮೇಲಿನ ಬಳ್ಳಿ ಸರಿಸಿದರು.

ನಿವೃತ್ತ ಬ್ಯಾಂಡ್ ಮೇಷ್ಟ್ರು ಅಂತ ಇತ್ತು. ಕೆಳಗೆ, ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳ ಪ್ರೀತಿಯ ನೆನಪಿಗೆ ಅಂತ.

ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡು "ಕ್ಷಮಿಸಿ ಮೇಷ್ಟ್ರೇ" ಅಂದಳು. "ನಿಮ್ಮ ಮನೆಯವರೂ ಇಷ್ಟು ಅತ್ತಿರಲಿಕ್ಕಿಲ್ಲ." ಅಷ್ಟೇ. ಭಾವನಿಂದ ಎಂಥದೋ ಒಂದು ಸದ್ದು ಹೊರಟಿತು, ಅಕ್ಕ ಅವರ ಭುಜ ಹಿಡ್ಕೊಂಡಳು, ಇಬ್ಬರೂ ಹೊಟ್ಟೆ ಹಿಡ್ಕೊಂಡು ನಕ್ಕರು. ಕಣ್ಣೀರು ನಿಂತೇ ಇರಲಿಲ್ಲ, ಅದರ ಮೇಲೇ ನಗು. ನಾನು ಅಭ್ಯಾಸಬಲದಿಂದ ಭಾವನ ಮುಖ ನೋಡಿದೆ. ಎಡಗಡೆ ಒಂದೆಳೆಯೂ ಅಲ್ಲಾಡಿರಲಿಲ್ಲ. ಸ್ನಾಯುವಿನ ಲೆಕ್ಕದಲ್ಲಿ ಅದು ಏನೇನೂ ಅಲ್ಲ. ಆದರೆ ಆ ಮನುಷ್ಯ ನಕ್ಕಿದ್ದನ್ನ ನಾನು ನೋಡಿದ್ದು ಅದೇ ಮೊದಲು.

ಕಾವಲುಗಾರ ತಲೆ ಕೆರ್ಕೊಂಡು ಬಂದು ಇನ್ನೊಂದು ಸಾಲಿನಲ್ಲಿ ನಮ್ಮ ಕಲ್ಲು ಹುಡುಕಿಕೊಟ್ಟ. ಹುಲ್ಲಿನಲ್ಲಿ ಹೂತುಹೋಗಿತ್ತು, ಮೇಲೆ ಬರೀ ಒಂದು ಶಿಲುಬೆ. ಇಬ್ಬರೂ ಕೂತು ಅದರ ಸುತ್ತಲ ಹುಲ್ಲು ಕಿತ್ತರು.

"ಇದೆ ಡಾಕ್ಟ್ರಮ್ಮ" ಅಂದರು ಭಾವ, ಬಸ್ಸಿಗೆ ಕಾಯುವಾಗ.

"ಏನು?"

"ಆ ಸಂತೋಷ ಕಳೆದುಹೋಯ್ತು ಅಂದಿದ್ದೆನಲ್ಲ. ಇದೆ. ಅಳುವೂ ಪಕ್ಕದಲ್ಲೇ ಕೂತಿದೆ. ಅದನ್ನ ಆಚೆ ಹಾಕಿ ಚಿಲಕ ಹಾಕ್ಕೊಂಡಿದ್ದೆ, ಇದೂ ಅದರ ಹಿಂದೆನೇ ಆಚೆ ಹೋಗಿತ್ತು ಅಂತ ಕಾಣುತ್ತೆ."

ಅಲ್ಲಿಗೆ ಎಲ್ಲ ಸರಿಹೋಯ್ತು ಅಂತ ಹೇಳಲಾರೆ. ಕೆಲವು ದಿನ ಅದು ಇರುತ್ತೆ, ಕೆಲವು ದಿನ ಇರಲ್ಲ ಅಂತಾರೆ. ಇರದ ದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಇಬ್ಬರೂ ಕೂತು, ಇವತ್ತು ಇಲ್ಲ ಅಂತ ದೇವರಿಗೆ ಹೇಳ್ತಾರೆ. ಸುತ್ತಿ ಬಳಸದೆ. ಒಮ್ಮೊಮ್ಮೆ ಅಕ್ಕನ ದನಿ ಮಹಡಿವರೆಗೂ ಕೇಳುತ್ತೆ, ಕೊಟ್ಟ ಮಾತಿಗೆ ತಪ್ಪಿದ ದರ್ಜಿಯನ್ನ ವಿಚಾರಿಸಿಕೊಂಡ ಹಾಗೆ. ಹೀಗೆಲ್ಲ ಪ್ರಾರ್ಥನೆ ಮಾಡಬಹುದಾ ಅಂತ ನಾನು ಕೇಳಿದ್ದಕ್ಕೆ, "ಕೇಳಿಸ್ಕೊಳ್ತಾನೆ ಅನ್ನೋ ನಂಬಿಕೆ ಇದ್ದೋರು ಮಾತ್ರ ಬೈತಾರೆ" ಅಂದಳು.

ಪಾಸ್ಟರ್ ಮನೆಗೆ ಭಾವನೇ ಹೋದರು. ಅಕ್ಕನೂ ಹೋಗಿದ್ದಳು, ಅವಳೇ ಬಂದು ಹೇಳಿದ್ದು.

"ಈ ಭಾನುವಾರದಿಂದ ನಿಲ್ತೀನಿ ಪಾಸ್ಟರೇ" ಅಂದರಂತೆ.

"ಅಣ್ಣ, ಮುಖ ಇನ್ನೂ..."

"ಮುಖ ಇಷ್ಟೇ ಇರಬಹುದು. ನಿಲ್ಲಬಾರದಿದ್ದ ದಿನ ನಿಂತಿದ್ದೆ, ಯಾರೂ ಬೇಡ ಅನ್ನಲಿಲ್ಲ. ಈಗ ನಿಲ್ಲಬಹುದು ಅನ್ನಿಸ್ತಿದೆ."

ಪಾಸ್ಟರ್ ಅಕ್ಕನ ಮುಖ ನೋಡಿದರಂತೆ. ಅಕ್ಕ ಹೂಂ ಅಂದಳಂತೆ.

ಭಾನುವಾರ ನಾನು ಬೇಕಂತಲೇ ತಡವಾಗಿ ಹೊರಟೆ. ಚರ್ಚಿನ ಮುಂದೆ ಸಾಲು ನಿಂತಿತ್ತು, ಯಾವತ್ತೂ ಇಲ್ಲದ್ದು. ಮುಂಚೆ ಭಾವ ಒಂದು ನಗು, ಒಂದು ಕುಲುಕು, ಮುಂದಿನವರು ಅಂತ ಸರಸರನೆ ಕಳಿಸ್ತಿದ್ದರು. ಈಗ ಒಬ್ಬೊಬ್ಬರ ಹತ್ತಿರವೂ ನಿಲ್ತಿದ್ದರು. ಅಕ್ಕ ಪಕ್ಕದಲ್ಲಿದ್ದಳು, ನಗದೆ, ಅಳದೆ, ತನ್ನ ಎಂದಿನ ಮುಖದಲ್ಲಿ.

ನನ್ನ ಸರದಿ ಬಂತು. ಭಾವ ನನ್ನ ಕೈ ಹಿಡ್ಕೊಂಡರು. ಬಾಯಿ ಬಲಗಡೆಗೆ ಎಳೆದುಕೊಂಡಿತು, ಎಡಗಣ್ಣು ತೇವವಾಗಿತ್ತು.

"ಹೇಗಿದ್ದೀಯ?" ಅಂದರು.

ಚೆನ್ನಾಗಿದೀನಿ ಅನ್ನೋಕೆ ಬಾಯಿ ತೆರೆದೆ. ದಿನವಿಡೀ ಬೇರೆಯವರ ಕೈಕಾಲು ಎತ್ತಿ ಇಳಿಸಿ, ಮಹಡಿ ಕೋಣೆಗೆ ಬಂದು, ಒಬ್ಬಳೇ ಗೋಡೆ ನೋಡ್ಕೊಂಡು ಕೂರೋಳು ನಾನು. ಆ ಮಾತನ್ನ ಯಾರೂ ಕೇಳಿರಲಿಲ್ಲ, ನಾನೂ ಯಾರಿಗೂ ಹೇಳಿರಲಿಲ್ಲ.

"ಚೆನ್ನಾಗಿಲ್ಲ ಭಾವ" ಅಂದೆ.

"ಹೌದಾ" ಅಂದರು. ಕೈ ಬಿಡಲಿಲ್ಲ. ಒಳಗೆ ಹಾಡು ಶುರುವಾಯಿತು. ನನ್ನ ಹಿಂದಿದ್ದವರು ಇವತ್ತೇನು ಹೊತ್ತು ಮುಳುಗೋವರೆಗೂ ಇಲ್ಲೇನಾ ಅಂತ ಗೊಣಗಿದರು. ಗೊಣಗಲಿ ಅಂತ ನಾನೂ ಕೈ ಬಿಡದೆ ನಿಂತೆ.