ಮಲಾಬಾದಲ್ಲಿ ಲಾರಿ ನಿಲ್ಲುತ್ತಿದ್ದ ಕಾಲ

ನನ್ನ ತಂಗಿ ಅಮೋಯಿತ್ ಮದುವೆಯಾದದ್ದು ಒಬ್ಬ ಲಾರಿ ಡ್ರೈವರನ್ನು. ಬಕಾರಿ ಅಂತ ಹೆಸರು, ಮೊಂಬಾಸಾದ ದಕ್ಷಿಣಕ್ಕೆ ಕಡಲ ಕಡೆಯವನು, ಮುಸಲ್ಮಾನ. ನಾವು ಉಗಾಂಡದ ಗಡಿಗೆ ಅಂಟಿಕೊಂಡ ಮಲಾಬಾದ ತೇಸೊ ಜನ, ಭಾನುವಾರ ಇಗರ್ಜಿಗೆ ಹೋಗುವವರು. ಆಗೆಲ್ಲ ಗಡಿಯಲ್ಲಿ ಲಾರಿಗಳ ಸಾಲು ಊರು ದಾಟಿ ಹೊಲಗಳವರೆಗೂ ಬೆಳೆಯುತ್ತಿತ್ತು. ಮೊಂಬಾಸಾ ಬಂದರಿನಿಂದ ಬಂದ ಸರಕಿಗೆ ಈಚೆ ಕಚೇರಿಯಲ್ಲೊಮ್ಮೆ, ಆಚೆ ಕಚೇರಿಯಲ್ಲೊಮ್ಮೆ ಮೊಹರು ಬೀಳದೆ ಚಕ್ರ ಕದಲುವಂತಿರಲಿಲ್ಲ. ಡ್ರೈವರುಗಳು ದಿನಗಟ್ಟಲೆ ಬಿದ್ದಿರುತ್ತಿದ್ದರು. ನನ್ನ ಹೋಟೆಲು ನಡೆಯುತ್ತಿದ್ದದ್ದೇ ಅವರಿಂದ.

ಬಕಾರಿ ಮೊದಲ ಸಲ ನಮ್ಮ ರಾಗಿ ಮುದ್ದೆ ನೋಡಿ, "ಅಕ್ಕಾ, ಇದು ತಿನ್ನೋದಾ, ಚಕ್ರಕ್ಕೆ ಅಡ್ಡ ಇಡೋದಾ?" ಅಂದ.

ಬಡಿಸುತ್ತಿದ್ದ ಅಮೋಯಿತ್ ಬಿಡಲಿಲ್ಲ. "ಹಲ್ಲಿಲ್ದೋರಿಗೆ ಗಂಜಿ ಇದೆ, ತರ್ಲಾ?"

ಸುತ್ತ ಕೂತವರೆಲ್ಲ ನಕ್ಕರು. ಅವನು ಮುದ್ದೆ ಪೂರ್ತಿ ತಿಂದ. ಮುಂದಿನ ಸಲ ಬರುವಾಗ ತೆಂಗಿನಕಾಯಿಗಳ ಚೀಲ ಹೊತ್ತು ತಂದ. ಹೀಗೆ ಶುರುವಾದದ್ದು. ಅಪ್ಪ ಮೊದಮೊದಲು ಮುಖ ಸಿಂಡರಿಸಿದರೂ ಅವನು ಹೆಣ್ಣಿಗೆ ತೆರ ಎಂದು ಹಸುಗಳನ್ನು ಕೊಟ್ಟು, ನಮ್ಮ ಹಿರಿಯರೆದುರು ತಲೆ ತಗ್ಗಿಸಿ ಕೂತು ಕೇಳಿದ ಮೇಲೆ ಒಪ್ಪಿಕೊಂಡರು.

ಸಾಲಿನಲ್ಲಿ ಲಾರಿ ನಿಂತಷ್ಟು ದಿನವೂ ಅವನು ಮನೆಯ ಗಂಡಸು. ಸೋರುವ ತಗಡು ಬದಲಾಯಿಸುತ್ತಿದ್ದ, ಮಗಳು ರೆಹೆಮಾಗೆ ತಾನೇ ಸ್ನಾನ ಮಾಡಿಸುತ್ತಿದ್ದ. ಬೇರೆ ಡ್ರೈವರುಗಳು ಕಚೇರಿಯವರನ್ನು ಬಾಯಿಗೆ ಬಂದ ಹಾಗೆ ಬೈದರೆ ಇವನು, "ನಿಧಾನ ಮಾಡ್ಲಿ ಬಿಡ್ರೋ, ಪುಣ್ಯಾತ್ಮರು" ಅನ್ನುತ್ತಿದ್ದ.

ಆಮೇಲೆ ಎರಡು ದೇಶದವರೂ ಕೂಡಿ ಒಂದೇ ಸೂರಿನಡಿ ಕಚೇರಿ ಮಾಡಿದರು. ರಸ್ತೆ ಅಗಲವಾಯಿತು. ದೊಡ್ಡವರು ಬಂದು ಭಾಷಣ ಮಾಡಿದ ದಿನ ನಾವೂ ಚಪ್ಪಾಳೆ ತಟ್ಟಿದೆವು. ಸುಳ್ಳು ಹೇಳಬಾರದು, ಒಳ್ಳೆಯದೂ ಆಯಿತು. ಹೆರಿಗೆ ನೋವಿನ ಹೆಂಗಸರು ಲಾರಿಗಳ ನಡುವೆ ಸಿಕ್ಕಿ ಒದ್ದಾಡುವುದು ತಪ್ಪಿತು. ಆದರೆ ಲಾರಿಗಳು ಬಂದ ಹಾಗೇ ಹೊರಟುಹೋಗತೊಡಗಿದವು. ನನ್ನ ಹೋಟೆಲಿನ ಬೆಂಚುಗಳು ಖಾಲಿಯಾದವು. ಬಕಾರಿ ಮನೆಯಲ್ಲಿ ಮಲಗುವುದು ನಿಂತೇಹೋಯಿತು.

ಅಷ್ಟರಲ್ಲಿ ಮೊಂಬಾಸಾದಿಂದ ಹೊಸ ರೈಲೂ ಓಡತೊಡಗಿತ್ತು. ಅವನ ಮಾಲೀಕನಿಗೆ ಅದರದ್ದೇ ಭಯ. "ರೈಲಿಗಿಂತ ಮೊದ್ಲು ಮುಟ್ಟಿಸ್ದಿದ್ರೆ ಸರಕೆಲ್ಲ ಅದ್ರ ಪಾಲಾಗುತ್ತೆ" ಎಂದು ಡ್ರೈವರುಗಳನ್ನು ಓಡಿಸುತ್ತಿದ್ದ. ಲಾರಿ ಎಲ್ಲಿ ನಿಂತರೂ ಮೊಂಬಾಸಾದಲ್ಲಿ ಕೂತವನ ಫೋನಿನಲ್ಲಿ ಗೊತ್ತಾಗುತ್ತಿತ್ತು.

ಗಂಡ ಹೆಂಡತಿ ಭೇಟಿಯಾಗುತ್ತಿದ್ದದ್ದು ಆಮೇಲೆ ರಸ್ತೆಯ ಉಬ್ಬಿನ ಹತ್ತಿರ. ಅಲ್ಲಿ ಲಾರಿ ನಿಧಾನವಾಗಲೇಬೇಕು. ಅಮೋಯಿತ್ ಬುತ್ತಿ ಹಿಡಿದು ಜೊತೆಯಲ್ಲೇ ಓಡಿ ಕಿಟಕಿಗೆ ಕೊಡುತ್ತಿದ್ದಳು. ರೆಹೆಮಾ ಕೈ ಬೀಸುತ್ತಿದ್ದಳು. ಊರಿನವರು, "ಗಂಡನಿಗೆ ಅನ್ನ ಕೊಡ್ತೀಯೋ, ಓಟದ ಪಂದ್ಯಕ್ಕೆ ತಯಾರಾಗ್ತೀಯೋ?" ಎಂದು ಛೇಡಿಸುತ್ತಿದ್ದರು. ಮೊದಮೊದಲು ಅವಳೂ ನಗುತ್ತಿದ್ದಳು.

ಕೊನೆಯ ಸಲ ಅವನು ಗಡಿಯಾಚೆಯ ಕಂಪಾಲಾದಿಂದ ಮರಳಿ ಬಂದಾಗ ನಾನೂ ಅಲ್ಲಿದ್ದೆ. ನಿದ್ದೆಗೆಟ್ಟು ಅವನ ಕಣ್ಣು ಕೆಂಡವಾಗಿತ್ತು.

"ಇಳೀರಿ. ಒಂದು ಗಳಿಗೆ ಮಲ್ಕೊಂಡು ಹೋಗಿ," ಅಂದಳು ತಂಗಿ.

"ಇಳಿದ್ರೆ ಕೆಲ್ಸ ಹೋಗುತ್ತೆ ಕಣೇ."

"ಹೋದ್ರೆ ಹೋಗ್ಲಿ! ಅಕ್ಕನ ಹೋಟ್ಲಲ್ಲಿ ಪಾತ್ರೆ ತೊಳೀರಂತೆ."

"ನಿಮ್ಮಕ್ಕ ಮಾಲೀಕನಿಗಿಂತ ಜೋರು," ಎಂದು ನನ್ನ ಕಡೆ ನೋಡಿ ನಕ್ಕ. ಹಿಂದಿನ ಲಾರಿ ಹಾರ್ನ್ ಒತ್ತಿತು. ಹೊರಟುಹೋದ.

ಮೊಂಬಾಸಾ ದಾರಿಯಲ್ಲಿ, ನಕುರು ಊರಿಗೆ ಮುಂಚಿನ ಇಳಿಜಾರಿನಲ್ಲಿ ಲಾರಿ ರಸ್ತೆ ಬಿಟ್ಟು ಉರುಳಿತು. ಬ್ರೇಕು ಹಾಕಿದ ಗುರುತೇ ಇರಲಿಲ್ಲವಂತೆ. ನಿದ್ದೆ ಹತ್ತಿಬಿಟ್ಟಿತ್ತು.

ಮಾಲೀಕ ಸಾವಿನ ಸುದ್ದಿ ಮುಟ್ಟಿಸಿದ್ದು ಬಕಾರಿಯ ತಾಯಿಗೆ. ನಮಗೆ ಮರುದಿನ ಇನ್ನೊಬ್ಬ ಡ್ರೈವರ್ ಬಂದು, ಟೋಪಿ ತೆಗೆದು ನಿಂತಾಗಲೇ ತಿಳಿದದ್ದು. ಅಮೋಯಿತ್ ಅಳಲಿಲ್ಲ. ಮಗುವಿಗೆ ಚಪ್ಪಲಿ ತೊಡಿಸಿದಳು. ಬಸ್ಸು ಹಿಡಿದು ನೈರೋಬಿ, ಅಲ್ಲಿಂದ ಅದೇ ಹೊಸ ರೈಲಿನಲ್ಲಿ ಕಡಲಿನ ಕಡೆಗೆ ಹೋದೆವು. ದಾರಿಯುದ್ದಕ್ಕೂ ಅವಳು ಒಂದೇ ಮಾತು ಕೇಳುತ್ತಿದ್ದಳು: "ಮುಖ ನೋಡೋಕೆ ಬಿಡ್ತಾರೆ ಅಲ್ವಾ ಅಕ್ಕಾ?" ತಡಮಾಡದೆ ಮಣ್ಣು ಮಾಡುವ ಅವರ ಪದ್ಧತಿ ನನಗೆ ಗೊತ್ತಿತ್ತು. ರೆಹೆಮಾಳನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡೆ.

ನಾವು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿಯಾಗಿತ್ತು.

ತೆಂಗಿನ ಮರಗಳ ಕೆಳಗೆ ಹಸಿ ಮಣ್ಣಿನ ದಿಬ್ಬ. ಅವನ ತಾಯಿ ಮ್ವಾನಕೊಂಬೊ ಚಾಪೆಯ ಮೇಲೆ ಕೂತಿದ್ದಳು. ಅಮೋಯಿತ್‌ಳನ್ನು ನೋಡಿದವಳೇ ಸಿಡಿದಳು. "ಬಂದ್ಯಾ? ಇರೋ ತನಕ ನೀನೇ ಇಟ್ಕೊಂಡೆ. ಮೊಂಬಾಸಾಕ್ಕೆ ಬಂದ್ರೂ ತಾಯಿ ಮುಖ ನೋಡೋಕೆ ಬಿಡ್ಲಿಲ್ಲ. ಹೆಣ ಮಾತ್ರ ನನಗೆ ಕಳ್ಸಿದೆ."

ತಂಗಿ ಮುಂದೆ ಬಂದಳು. "ನನ್ನ ಹತ್ರ ಎಲ್ಲಿದ್ರು ಅತ್ತೇ? ವರ್ಷದ ಮೇಲಾಯ್ತು, ಒಂದು ದಿನ ಮನೇಲಿ ಮಲ್ಗಿಲ್ಲ. ನಿಮ್ಮ ಹತ್ರ ಮಲಗ್ತಾರೆ ಅಂದ್ಕೊಂಡಿದ್ದೆ ನಾನು."

ಮುದುಕಿ ಅವಳ ಕೈ ಹಿಡಿದಳು. "ಇಲ್ಲಿಗೂ ಬಂದಿಲ್ಲ ಮಗಳೇ. ಹಾಗಾದ್ರೆ... ಎಲ್ಲಿ ಮಲಗ್ತಿದ್ದ ನನ್ ಕಂದ?"

ಆಗ ಅಮೋಯಿತ್ ಕುಸಿದಳು. ಮುದುಕಿಯ ಮಡಿಲಿನಲ್ಲಿ ಮುಖವಿಟ್ಟು, ಊರಿನಿಂದ ಹೊತ್ತು ತಂದ ಅಳುವನ್ನೆಲ್ಲ ಅಲ್ಲಿ ಸುರಿದಳು. ರೆಹೆಮಾ ಏನೂ ತೋಚದೆ ಅಜ್ಜಿಯ ಸೆರಗಿನ ತುದಿ ಹಿಡಿದುಕೊಂಡಳು.

ತಂಗಿ ಮರಳಿ ಬರಲಿಲ್ಲ. "ಅಲ್ಲಿ ಹಾರ್ನ್ ಕೇಳ್ದಾಗೆಲ್ಲ ನಾನು ಎದ್ದು ಓಡ್ತೀನಿ ಅಕ್ಕಾ. ಇಲ್ಲೇ ಇರ್ತೀನಿ. ಅತ್ತೆಗೂ ಯಾರೂ ಇಲ್ಲ," ಅಂದಳು. ನಾನು ಒತ್ತಾಯಿಸಲಿಲ್ಲ.

ಒಬ್ಬಳೇ ಹಿಂತಿರುಗಿದೆ. ಹೋಗುವಾಗ ಕತ್ತಲಲ್ಲಿ ದಾಟಿಹೋಗಿದ್ದ ಆ ಇಳಿಜಾರು ಈಗ ನಕುರು ದಾಟಿದ ಮೇಲೆ ಏರಾಗಿ ಬರುತ್ತದೆ ಎಂದು ಕಿಟಕಿಗೆ ಅಂಟಿ ಕೂತಿದ್ದೆ. ಆ ಜಾಗ ಕಂಡರೆ ಬಸ್ಸಿನಿಂದಲೇ ಕೈ ಮುಗಿಯೋಣ ಅಂತ. ರಸ್ತೆ ನುಣ್ಣಗಿತ್ತು, ಬಸ್ಸು ಎಲ್ಲೂ ನಿಧಾನವಾಗಲಿಲ್ಲ. ಕಂಡಕ್ಟರನನ್ನು ಕೇಳಿದೆ.

"ಆ ಲಾರಿ ಬಿದ್ದ ಜಾಗಾನಾ ಅಮ್ಮಾ? ಅದು ಆಗ್ಲೇ ಹಿಂದೆ ಹೋಯ್ತಲ್ಲ," ಅಂದ.